ಕ್ರೂಸ್ ಹಡಗಿನ ಕ್ಯಾಬಿನ್ ಕಾದಿರಿಸುವುದು ಯಾವಾಗ, ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಡಗಿನಲ್ಲಿ ಹೋಗಿಬಂದವರನ್ನು ನೆಂಟರಿಷ್ಟರು ಸುಲಭಕ್ಕೆ ಬಿಡುವುದಿಲ್ಲ. ಸಸ್ಯಾಹಾರ ಸಿಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು ದುಡ್ಡಿನದು: ಯಾವಾಗ ಬುಕ್ ಮಾಡಿದರೆ ಅಗ್ಗ, ಯಾವ ಕ್ಯಾಬಿನ್ ತೆಗೆದುಕೊಳ್ಳಬೇಕು? ಫೋನಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಮುಂಬೈ, ಸಿಂಗಾಪುರ, ದುಬೈ, ಅಲಾಸ್ಕಾ ಯಾನಗಳು ಮುಖ್ಯವಾಗಿ ಮನಸ್ಸಿನಲ್ಲಿವೆ. ನನ್ನನ್ನು ಕೇಳುವವರು ಹೆಚ್ಚಾಗಿ ಹೊರಟಿರುವುದು ಈ ಕಡೆಗೇ.

ಕೊನೆಯ ಗಳಿಗೆಯಲ್ಲಿ ಬುಕ್ ಮಾಡಿದರೆ ಅರ್ಧ ಬೆಲೆಗೆ ಸಿಗುತ್ತದಂತೆ, ನಿಜವೇ?

ಕೆಲವೊಮ್ಮೆ ನಿಜ. ಆದರೆ ಯಾರಿಗೆ ಎಂದು ಕೇಳಬೇಕು. ಖಾಲಿ ಕ್ಯಾಬಿನ್ನಿನೊಂದಿಗೆ ಹೊರಡುವುದು ಯಾವ ಹಡಗು ಕಂಪನಿಗೂ ಇಷ್ಟವಿಲ್ಲ, ಹಾಗಾಗಿ ಹೊರಡಲು ಎರಡು ಮೂರು ವಾರ ಇರುವಾಗ ಬೆಲೆ ಇಳಿಸುವುದುಂಟು. ಅದರ ಲಾಭ ಪಡೆಯುವವರು ಫ್ಲೋರಿಡಾದಲ್ಲಿ ಮನೆಯಿದ್ದು, ಕಾರಿನಲ್ಲಿ ಬಟ್ಟೆಬರೆ ಹಾಕಿಕೊಂಡು ಮಯಾಮಿ ಬಂದರಿಗೆ ಹೋಗಬಲ್ಲ ನಿವೃತ್ತರು. ಅವರಿಗೆ ವೀಸಾ ಬೇಡ, ವಿಮಾನ ಬೇಡ, ಮಕ್ಕಳ ಶಾಲೆಯ ರಜೆಯ ಲೆಕ್ಕ ಬೇಡ.

ಹುಬ್ಬಳ್ಳಿಯಲ್ಲಿರುವವರಿಗೆ ಆ ಮೂರೂ ಬೇಕು. ಕ್ಯಾಬಿನ್ನಿನಲ್ಲಿ ಉಳಿದ ಹದಿನೈದು ಸಾವಿರ ಕೊನೆಯ ವಾರದ ವಿಮಾನದ ಟಿಕೆಟ್ಟಿಗೆ ಹೋಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಬುಕಿಂಗ್ ಸಲಹೆಗಳಲ್ಲಿ ಬಹುಪಾಲು ಅಮೆರಿಕದವರಿಗಾಗಿ ಬರೆದವು. ಅವನ್ನು ಓದಿ ನಾವು ಕಾಯುತ್ತ ಕೂರುವುದು ಪಕ್ಕದ ಮನೆಯವರ ಜಾತಕ ನೋಡಿ ನಮ್ಮ ಮುಹೂರ್ತ ಇಟ್ಟ ಹಾಗೆ.

ಇದಕ್ಕೆ ಹೊರತಾದ ಕನ್ನಡಿಗರೂ ಇದ್ದಾರೆ. ದುಬೈಯಲ್ಲೋ ಸಿಂಗಾಪುರದಲ್ಲೋ ನೆಲೆಸಿರುವವರಿಗೆ ಹಡಗು ಹೊರಡುವುದು ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ. ಮಧ್ಯದ ಬಂದರುಗಳಿಗೆ ವೀಸಾ ತೊಂದರೆಯಿಲ್ಲ ಎಂದಾದರೆ ಅವರು ಧಾರಾಳವಾಗಿ ಕಾಯಬಹುದು. ಮುಂಬೈಯಲ್ಲಿರುವವರಿಗೂ ಗೋವಾ ಯಾನಕ್ಕೆ ಇದೇ ಮಾತು.

ಹಾಗಾದರೆ ಎಷ್ಟು ತಿಂಗಳು ಮೊದಲು ಬುಕ್ ಮಾಡಬೇಕು?

ಭಾರತದಿಂದ ಹೊರಡುವ ಎರಡು ಮೂರು ರಾತ್ರಿಗಳ ಯಾನಕ್ಕೆ ಎರಡು ಮೂರು ತಿಂಗಳು ಸಾಕು. ದಸರಾ, ದೀಪಾವಳಿ, ಹೊಸ ವರ್ಷದ ವಾರಗಳಾದರೆ ಇನ್ನೂ ಬೇಗ. ಸಿಂಗಾಪುರಕ್ಕೆ ಐದಾರು ತಿಂಗಳು ಇಟ್ಟುಕೊಳ್ಳಿ. ನಮ್ಮ ಏಪ್ರಿಲ್, ಮೇ ರಜೆಯಲ್ಲಿ ಭಾರತದ ಕುಟುಂಬಗಳು ಅಲ್ಲಿ ತುಂಬುತ್ತವೆ. ಜೂನ್ ಮತ್ತು ಡಿಸೆಂಬರಿನಲ್ಲಿ ಸಿಂಗಾಪುರದವರದೇ ಶಾಲಾ ರಜೆ. ಅಲಾಸ್ಕಾ, ನಾರ್ವೆಯಂತಹ ಕಡೆಗೆ ಒಂಬತ್ತು ತಿಂಗಳಿಂದ ಒಂದು ವರ್ಷ. ಅಲ್ಲಿ ಋತು ಚಿಕ್ಕದು, ಒಳ್ಳೆಯ ಬಾಲ್ಕನಿಗಳು ಮೊದಲು ಖಾಲಿಯಾಗುತ್ತವೆ.

ದೊಡ್ಡ ಕಂಪನಿಗಳು ಒಂದೂವರೆ, ಎರಡು ವರ್ಷ ಮೊದಲೇ ದಿನಾಂಕಗಳನ್ನು ಮಾರಾಟಕ್ಕೆ ಬಿಡುತ್ತವೆ. ಅಷ್ಟು ಮೊದಲೇ ಓಡಬೇಕಾದವರು ಎರಡೇ ಬಗೆಯವರು: ನಾಲ್ಕೈದು ಜನರಿಗೆ ಒಂದೇ ಕ್ಯಾಬಿನ್ ಬೇಕಾದ ಕುಟುಂಬ ಮತ್ತು ಗಾಲಿಕುರ್ಚಿಗೆ ಹೊಂದುವ ಕ್ಯಾಬಿನ್ ಬೇಕಾದವರು. ಈ ಎರಡೂ ಒಂದು ಹಡಗಿನಲ್ಲಿ ಕಡಿಮೆ ಇರುತ್ತವೆ.

ಎಲ್ಲ ತುಂಬಿದೆ ಎನ್ನುತ್ತಿದ್ದಾರೆ. ಇನ್ನು ಆಸೆ ಬಿಡಬೇಕೆ?

ಬೇಡ. ಬುಕ್ ಮಾಡುವಾಗ ಎಲ್ಲರೂ ಕೊಡುವುದು ಮುಂಗಡ ಮಾತ್ರ. ಬಾಕಿ ಹಣ ಕಟ್ಟಲು ಗಡುವು ಇರುತ್ತದೆ, ವಿದೇಶಿ ಹಡಗುಗಳಲ್ಲಿ ಸಾಮಾನ್ಯವಾಗಿ ಹೊರಡುವ 75ರಿಂದ 90 ದಿನ ಮೊದಲು, ದೀರ್ಘ ಯಾನಗಳಲ್ಲಿ 120 ದಿನ. ಆ ಗಡುವಿನ ಆಸುಪಾಸಿನಲ್ಲಿ ಮನಸ್ಸು ಬದಲಿಸಿದವರ ಕ್ಯಾಬಿನ್ನುಗಳೂ, ಪ್ರವಾಸ ಏಜೆನ್ಸಿಗಳು ಒಟ್ಟಿಗೆ ಹಿಡಿದಿಟ್ಟುಕೊಂಡು ಮಾರಲಾಗದೆ ಉಳಿದ ಕ್ಯಾಬಿನ್ನುಗಳೂ ಹೊರಬೀಳುತ್ತವೆ. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ, ಆ ವಾರ ದಿನಕ್ಕೊಮ್ಮೆ ನೋಡಿ. ಕೊನೆಯ ಗಳಿಗೆಗೆ ಕಾಯುವುದಕ್ಕಿಂತ ಇದು ನಮ್ಮಂಥವರಿಗೆ ಹೊಂದುವ ಉಪಾಯ: ವೀಸಾಕ್ಕೂ ವಿಮಾನಕ್ಕೂ ಇನ್ನೂ ಎರಡೂವರೆ ತಿಂಗಳು ಕೈಯಲ್ಲಿರುತ್ತದೆ.

ಜನವರಿಯಲ್ಲಿ ಬರುವ ರಿಯಾಯಿತಿಗಳು ನಿಜವಾದವೇ?

ಜನವರಿಯಿಂದ ಮಾರ್ಚ್‌ವರೆಗೆ ಹಡಗು ಕಂಪನಿಗಳಿಗೆ ಮಾರಾಟದ ಸುಗ್ಗಿ. ನಮ್ಮಲ್ಲಿ ಬಟ್ಟೆ ಅಂಗಡಿಗಳಿಗೆ ಆಷಾಢ ಇದ್ದಂತೆ. ಆದರೆ ಮೂಲ ಬೆಲೆ ಇಳಿಯುವುದಕ್ಕಿಂತ ಜೊತೆಗೆ ಕೊಡುವ ಸಾಮಾನು ಹೆಚ್ಚುತ್ತದೆ: ಉಚಿತ ವೈಫೈ, ಪಾನೀಯದ ಪ್ಯಾಕೇಜು, ಹಡಗಿನಲ್ಲೇ ಖರ್ಚು ಮಾಡಬೇಕಾದ ಐವತ್ತೋ ನೂರೋ ಡಾಲರ್. ಮದ್ಯ ಮುಟ್ಟದ ಮನೆಯವರಿಗೆ ಮದ್ಯದ ಪ್ಯಾಕೇಜು ಉಚಿತವಾಗಿ ಸಿಕ್ಕರೆ ಉಳಿದದ್ದೇನು? ಒಟ್ಟು ಮೊತ್ತವನ್ನು ಡಿಸೆಂಬರಿನಲ್ಲೇ ಬರೆದಿಟ್ಟುಕೊಂಡು ಹೋಲಿಸಿ ನೋಡಿ.

ಯಾವ ತಿಂಗಳು ಯಾವ ಸಮುದ್ರ?

ಅರಬ್ಬಿ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಆಗ ಲಕ್ಷದ್ವೀಪದ ಮಾತೇ ಬೇಡ. ಅಗತ್ತಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ನಡುನೀರಿನಲ್ಲಿ ನಿಂತು ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಅಲೆ ಜೋರಾದರೆ ಒಳ್ಳೆಯ ಋತುವಿನಲ್ಲೂ ಇಳಿಸುವುದನ್ನು ರದ್ದು ಮಾಡುವುದುಂಟು. ದ್ವೀಪವೊಂದಕ್ಕಾಗಿಯೇ ಹಣ ಕೊಡುವವರು ಇದನ್ನು ಮೊದಲೇ ತಿಳಿದಿರಬೇಕು.

ದುಬೈ, ಅಬುಧಾಬಿ, ದೋಹಾ ಸುತ್ತು ನವೆಂಬರಿನಿಂದ ಮಾರ್ಚ್‌ವರೆಗೆ. ಅಲಾಸ್ಕಾ ಮೇಯಿಂದ ಸೆಪ್ಟೆಂಬರ್. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಮಲಾಕಾ ಜಲಸಂಧಿಯಲ್ಲಿ ವರ್ಷವಿಡೀ ಹೋಗಬಹುದು, ಎರಡೂ ಬದಿಗೆ ನೆಲವಿರುವುದರಿಂದ ನೀರು ಶಾಂತ. ಅಲ್ಲಿಂದಲೇ ವಿಯೆಟ್ನಾಂ ಕಡೆಗೆ ತಿರುಗುವ ಯಾನವನ್ನು ಡಿಸೆಂಬರ್, ಜನವರಿಯಲ್ಲಿ ತೆಗೆದುಕೊಂಡರೆ ಈಶಾನ್ಯ ಮಾರುತ ಎದುರಾಗುತ್ತದೆ. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಅವಧಿ. ಅಗ್ಗದ ದರಗಳು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ ಕಾಣುವುದಕ್ಕೆ ಅದೂ ಕಾರಣ.

ಒಳಕ್ಯಾಬಿನ್, ಕಿಟಕಿ, ಬಾಲ್ಕನಿ, ಸೂಟ್: ಯಾವುದು?

ಒಳಕ್ಯಾಬಿನ್ನಿಗೆ ಕಿಟಕಿಯೇ ಇಲ್ಲ. ದೀಪ ಆರಿಸಿದರೆ ಗುಹೆ. ಬೆಳಗಾದದ್ದು ಗಡಿಯಾರ ನೋಡಿಯೇ ತಿಳಿಯಬೇಕು. ಕಿಟಕಿಯ ಕ್ಯಾಬಿನ್ನಿನಲ್ಲಿ ಸಮುದ್ರ ಕಾಣುತ್ತದೆ, ಗಾಜು ತೆರೆಯುವುದಿಲ್ಲ. ಬಾಲ್ಕನಿ ಎಂದರೆ ಎರಡು ಕುರ್ಚಿ ಹಿಡಿಸುವ ಸಣ್ಣ ಜಗಲಿ. ಸೂಟ್‌ನಲ್ಲಿ ಬೇರೆ ಕೂರುವ ಜಾಗ, ಬೇರೆ ಸತ್ಕಾರ, ಬೇರೆ ಬೆಲೆ.

ನನ್ನ ಅಭಿಪ್ರಾಯ ಕೇಳಿದರೆ: ಎರಡು ಮೂರು ರಾತ್ರಿಯ ಮುಂಬೈ ಅಥವಾ ಸಿಂಗಾಪುರ ಯಾನಕ್ಕೆ ಒಳಕ್ಯಾಬಿನ್ ಸಾಕು. ಮಲಾಕಾದ ಸೆಕೆಯಲ್ಲಿ ಬಾಲ್ಕನಿಯ ಬಾಗಿಲು ತೆರೆದರೆ ಹಬೆಯಾಡುವ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ. ಅದೇ ದುಡ್ಡನ್ನು ಕೂಡಿಟ್ಟು ಅಲಾಸ್ಕಾದಲ್ಲಿ ಬಾಲ್ಕನಿಗೆ ಹಾಕಿ. ಮುಂಜಾನೆ ಶಾಲು ಹೊದ್ದು ಕೂತಲ್ಲೇ ಹಿಮನದಿ ಎದುರಿಗೆ ಬಂದು ನಿಲ್ಲುವಾಗ, ಮೇಲಿನ ಡೆಕ್ಕಿನ, ಎಂದರೆ ಹಡಗಿನ ಮೇಲಂತಸ್ತಿನ, ನೂಕುನುಗ್ಗಲಿಗೆ ಹೋಗಬೇಕಾಗುವುದಿಲ್ಲ.

ಹಳೆಯ ಹಡಗುಗಳಲ್ಲಿ ಬಾಲ್ಕನಿಗಳೇ ಕಡಿಮೆ ಎಂಬುದೂ ನೆನಪಿರಲಿ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಾಗಿ ಕಟ್ಟಿದ್ದು. ನಮ್ಮಲ್ಲಿ ಅದು ಸಂಚಾರ ಆರಂಭಿಸಿದ್ದು 2021ರ ಸೆಪ್ಟೆಂಬರಿನಲ್ಲಿ. ಆ ಕಾಲದ ಹಡಗುಗಳ ಕ್ಯಾಬಿನ್ನುಗಳು ಇಂದಿನವಕ್ಕಿಂತ ಚಿಕ್ಕವು. ಸಿಂಗಾಪುರದ ಹೊಸ ಹಡಗನ್ನು ನೋಡಿದವರು ಅದೇ ನಿರೀಕ್ಷೆ ಹೊತ್ತು ಬಂದು ಮುಖ ಸಣ್ಣ ಮಾಡಿಕೊಳ್ಳುವುದು ಬೇಡ.

ಕ್ಯಾಬಿನ್ ಎಲ್ಲಿದೆ ಎಂಬುದು ಅಷ್ಟು ಮುಖ್ಯವೇ? ಮಲಗುವುದಕ್ಕಷ್ಟೇ ಅಲ್ಲವೇ?

ಮಲಗುವುದಕ್ಕೇ, ಅದಕ್ಕಾಗಿಯೇ ಮುಖ್ಯ. ನನ್ನ ಮೊದಲ ಯಾನದಲ್ಲಿ ಏಜೆಂಟರು 'ಸರ್, ಈಜುಕೊಳದ ಹತ್ತಿರವೇ ಕೊಡಿಸಿದ್ದೇನೆ' ಎಂದು ಹೆಮ್ಮೆಯಿಂದ ಹೇಳಿದ್ದರು. ಹತ್ತಿರ ಎಂದರೆ ನೇರ ಕೆಳಗೆ. ಬೆಳಗಿನ ಜಾವ ಐದೂವರೆಗೆ ಸಿಬ್ಬಂದಿ ಒರಗುಕುರ್ಚಿಗಳನ್ನು ಎಳೆದು ಸಾಲಾಗಿ ಜೋಡಿಸುವ ಸದ್ದು, ತಲೆಯ ಮೇಲೆ ಯಾರೋ ಕಬ್ಬಿಣದ ಬೀರು ಸರಿಸಿದಂತೆ, ನಾಲ್ಕು ದಿನವೂ ಕೇಳಿತು. ಏಜೆಂಟರಿಗೆ ಕ್ಯಾಬಿನ್ನಿನ ದರ್ಜೆ ಗೊತ್ತಿತ್ತು, ನಕ್ಷೆ ಗೊತ್ತಿರಲಿಲ್ಲ. ಅಂದಿನಿಂದ ನಕ್ಷೆ ನೋಡದೆ ನಾನು ದುಡ್ಡು ಕಟ್ಟುವುದಿಲ್ಲ.

ಪ್ರತಿ ಹಡಗಿನ ಡೆಕ್ ನಕ್ಷೆಯೂ ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ಕ್ಯಾಬಿನ್ ಸಂಖ್ಯೆಯ ಮೊದಲ ಅಂಕಿ ಸಾಮಾನ್ಯವಾಗಿ ಡೆಕ್ಕನ್ನು ಹೇಳುತ್ತದೆ. 8ರಿಂದ ಆರಂಭವಾಗುವ ನಾಲ್ಕಂಕಿಯ ಸಂಖ್ಯೆ ಎಂಟನೆಯ ಡೆಕ್ಕಿನದು. ನಿಮ್ಮ ಡೆಕ್ಕಿನ ನಕ್ಷೆಯ ಜೊತೆಗೆ ಅದರ ಮೇಲಿನದನ್ನೂ ಕೆಳಗಿನದನ್ನೂ ತೆರೆದಿಡಿ. ಮೇಲೂ ಕೆಳಗೂ ಬರೀ ಕ್ಯಾಬಿನ್ನುಗಳೇ ಇದ್ದರೆ ಅದು ಉತ್ತಮ ಜಾಗ. ಮೇಲೆ ಅಡುಗೆಮನೆ, ವ್ಯಾಯಾಮಶಾಲೆ ಅಥವಾ ಊಟದ ಸಭಾಂಗಣ, ಕೆಳಗೆ ರಂಗಮಂದಿರ ಅಥವಾ ನೃತ್ಯದ ಕ್ಲಬ್ ಇದ್ದರೆ ಬೇರೆ ಹುಡುಕಿ. ನಕ್ಷೆಯಲ್ಲಿ ಏನೂ ಬರೆಯದ ಬಿಳಿ ಜಾಗ ಕಂಡರೆ ಅನುಮಾನಿಸಿ: ಅದು ಸಿಬ್ಬಂದಿಯ ಉಗ್ರಾಣವೋ ತಳ್ಳುಗಾಡಿಗಳ ದಾರಿಯೋ ಆಗಿರಬಹುದು.

ಪಕ್ಕದ ಕ್ಯಾಬಿನ್ನಿಗೆ ಒಳಬಾಗಿಲು ಇರುವ ಜೋಡಿ ಕ್ಯಾಬಿನ್ನುಗಳು ಕುಟುಂಬಕ್ಕೆ ಅನುಕೂಲ. ಆದರೆ ಪಕ್ಕದಲ್ಲಿ ಅಪರಿಚಿತರಿದ್ದರೆ ಅವರ ಮಗುವಿನ ಅಳು ಬಾಗಿಲಿನ ಸಂದಿಯಿಂದ ನಿಮ್ಮದೂ ಆಗುತ್ತದೆ. 'ಭಾಗಶಃ ಮರೆಯಾದ ನೋಟ' ಎಂದು ಕಡಿಮೆ ದರಕ್ಕೆ ಕೊಡುವ ಕಿಟಕಿಗಳ ಎದುರು ಬಹುತೇಕ ಜೀವರಕ್ಷಕ ದೋಣಿ ತೂಗುತ್ತಿರುತ್ತದೆ. ಬೆಳಕು ಬಂದರೆ ಸಾಕು ಎನ್ನುವವರಿಗೆ ಅದು ಒಳ್ಳೆಯ ವ್ಯಾಪಾರ.

ಅಮ್ಮನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಹಡಗಿಗೆ ಕರೆದೊಯ್ಯಬಹುದೇ?

ಬಹುದು. ಚಾರ್ಮಾಡಿ ಘಾಟಿಯ ತಿರುವುಗಳಿಗೆ ಹೋಲಿಸಿದರೆ ದೊಡ್ಡ ಹಡಗು ಎಷ್ಟೋ ಮೇಲು. ಏತದ ಹಲಗೆಯನ್ನು ನೆನಪಿಸಿಕೊಳ್ಳಿ: ತುದಿಗಳು ಏರಿಳಿಯುತ್ತವೆ, ನಡುಭಾಗ ಹೆಚ್ಚು ಅಲುಗುವುದಿಲ್ಲ. ಹಡಗೂ ಹಾಗೆಯೇ. ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗಿನ ಡೆಕ್ಕುಗಳಲ್ಲಿ ಕ್ಯಾಬಿನ್ ಹಿಡಿದರೆ ತೊಂದರೆ ಕಡಿಮೆ. ವಿಪರ್ಯಾಸವೆಂದರೆ ಎತ್ತರದ ಡೆಕ್ಕಿಗೇ ಬೆಲೆ ಜಾಸ್ತಿ, ಓಲಾಟವೂ ಅಲ್ಲಿಯೇ ಜಾಸ್ತಿ. ಮಾತ್ರೆಯ ವಿಚಾರವನ್ನು ನಿಮ್ಮ ವೈದ್ಯರಲ್ಲಿ ಕೇಳಿ, ಬೇರೆ ಔಷಧಿ ತೆಗೆದುಕೊಳ್ಳುವ ಹಿರಿಯರಾದರೆ ಖಂಡಿತ ಕೇಳಿ. ಮಂಡಿನೋವಿನವರಿಗೆ ಲಿಫ್ಟಿನಿಂದ ನಾಲ್ಕೈದು ಬಾಗಿಲು ಆಚೆಗೆ ಹಿಡಿಯಿರಿ; ಲಿಫ್ಟಿನ ಎದುರೇ ಹಿಡಿದರೆ ನಡುರಾತ್ರಿಯವರೆಗೂ ಮಾತುಕತೆ ಕೇಳಬೇಕಾಗುತ್ತದೆ.

'ಗ್ಯಾರಂಟಿ ಕ್ಯಾಬಿನ್' ಎಂದರೇನು? ಹೆಸರು ಭರವಸೆ ಕೊಡುವಂತಿದೆ.

ಹೆಸರಿನಷ್ಟು ಭರವಸೆ ಅದರಲ್ಲಿಲ್ಲ. ದರ್ಜೆ ಮಾತ್ರ ಖಚಿತ, ಯಾವ ಡೆಕ್ಕು, ಯಾವ ಮೂಲೆ ಎಂಬುದನ್ನು ಕಂಪನಿ ಆಮೇಲೆ, ಕೆಲವೊಮ್ಮೆ ಹೊರಡಲು ಕೆಲವೇ ದಿನ ಇರುವಾಗ ತಿಳಿಸುತ್ತದೆ. ಅದಕ್ಕಾಗಿ ದರ ಕಡಿಮೆ. ಅದೃಷ್ಟವಿದ್ದರೆ ಮೇಲಿನ ದರ್ಜೆ ಸಿಗುವುದೂ ಉಂಟು. ಗಂಡ ಹೆಂಡತಿ ಇಬ್ಬರೇ, ನಿದ್ದೆ ಗಟ್ಟಿ ಎಂದಾದರೆ ತೆಗೆದುಕೊಳ್ಳಿ. ಎರಡು ಮೂರು ಕುಟುಂಬ ಅಕ್ಕಪಕ್ಕದಲ್ಲಿ ಇರಬೇಕೆಂದರೆ ಮುಟ್ಟಲೇಬೇಡಿ, ಒಬ್ಬರು ಮೂತಿಯಲ್ಲಿ ಇನ್ನೊಬ್ಬರು ಬಾಲದಲ್ಲಿ ಉಳಿಯುತ್ತೀರಿ.

ಜಾಹೀರಾತಿನಲ್ಲಿ ಮೂವತ್ತು ಸಾವಿರ, ಬಿಲ್ಲಿನಲ್ಲಿ ತೊಂಬತ್ತು ಸಾವಿರ. ಏನಿದು?

ಜಾಹೀರಾತಿನ ಬೆಲೆ ತಲೆಗೊಂದರಂತೆ, ಅದೂ ಕ್ಯಾಬಿನ್ನಿಗೆ ಇಬ್ಬರಿದ್ದಾರೆ ಎಂಬ ಲೆಕ್ಕದಲ್ಲಿ. ಇಬ್ಬರಿಗೆ ಅರವತ್ತು ಸಾವಿರ ಅಲ್ಲಿಗೇ ಆಯಿತು. ಮೇಲೆ ಬಂದರು ಶುಲ್ಕ ಮತ್ತು ತೆರಿಗೆ. ಆಮೇಲೆ ಸಿಬ್ಬಂದಿಗೆ ಸೇವಾಶುಲ್ಕ: ವಿದೇಶಿ ಹಡಗುಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಹದಿನೆಂಟು ಎಂದು ಹಿಡಿದರೂ ಇಬ್ಬರಿಗೆ ನಾಲ್ಕು ರಾತ್ರಿಗೆ 144 ಡಾಲರ್. ಇದು ಹಸುಗೂಸಿಗೂ ತಪ್ಪದ ಕಂಪನಿಗಳಿವೆ, ಮೊದಲೇ ಕೇಳಿಕೊಳ್ಳಿ. ವೈಫೈ, ತಂಪುಪಾನೀಯ, ಬಂದರಿನಲ್ಲಿಳಿದು ಊರು ಸುತ್ತುವ ಖರ್ಚು ಬೇರೆ.

ಭಾರತದ ಏಜೆಂಟರ ಮೂಲಕ ವಿದೇಶಿ ಪ್ರವಾಸದ ಪ್ಯಾಕೇಜು ಕೊಂಡರೆ ಟಿಸಿಎಸ್, ಎಂದರೆ ಮಾರುವವರೇ ನಿಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಕೂಡ ಹಿಡಿಯುತ್ತಾರೆ. ಅದರ ದರ ಬಜೆಟ್ಟಿನೊಂದಿಗೆ ಬದಲಾಗುತ್ತಿರುತ್ತದೆ. ಅದು ಕಳೆದುಹೋದ ಹಣವಲ್ಲ, ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಆದರೆ ಅಲ್ಲಿಯವರೆಗೆ ನಿಮ್ಮ ಕೈಯಿಂದ ಹೋಗಿರುತ್ತದೆ.

ಒಬ್ಬಳೇ ಹೋಗುವವಳು. ಅರ್ಧ ಕೊಟ್ಟರೆ ಸಾಕೇ?

ಸಾಲದು. ಬಹುತೇಕ ಕಡೆ ಇಬ್ಬರ ದುಡ್ಡು ಪೂರ್ತಿ ಕೇಳುತ್ತಾರೆ. ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಕಂಪನಿ 2010ರಲ್ಲಿ ಎಪಿಕ್ ಹಡಗಿನಲ್ಲಿ ಒಬ್ಬರಿಗೆಂದೇ 128 ಪುಟ್ಟ ಕ್ಯಾಬಿನ್ನುಗಳನ್ನು ಇಟ್ಟ ಮೇಲೆ ಇತರರೂ ಅಲ್ಲಲ್ಲಿ ಶುರುಮಾಡಿದ್ದಾರೆ. ಅವು ಬೇಗ ಮುಗಿಯುತ್ತವೆ.

ನಾವು ಐದು ಜನ: ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಹೇಗೆ ಹಂಚಿಕೊಳ್ಳುವುದು?

ಒಂದೇ ದೊಡ್ಡ ಸೂಟ್ ನೋಡುವ ಮೊದಲು ಎರಡು ಸಾಮಾನ್ಯ ಕ್ಯಾಬಿನ್ನುಗಳ ಬೆಲೆ ನೋಡಿ. ಬಾಲ್ಕನಿಯದೊಂದು, ಅದರ ಎದುರು ಓಣಿಯಾಚೆಯ ಒಳಕ್ಯಾಬಿನ್ ಒಂದು, ಇದು ಅನೇಕ ಸಲ ಸೂಟ್‌ಗಿಂತ ಅಗ್ಗ. ಎರಡು ಸ್ನಾನದ ಮನೆ ಸಿಗುವುದು ದೊಡ್ಡ ಲಾಭ. ಹಡಗಿನ ಬಚ್ಚಲಿನಲ್ಲಿ ಐದು ಜನ ಸರದಿ ನಿಂತರೆ ಬೆಳಗಿನ ತಿಂಡಿ ಮುಗಿದುಹೋಗಿರುತ್ತದೆ. ಒಂದೇ ಕ್ಯಾಬಿನ್ನಿನ ಮೂರನೆಯ, ನಾಲ್ಕನೆಯವರಿಗೆ ದರ ಕಡಿಮೆ, ಆದರೆ ಅವರ ಹಾಸಿಗೆ ಚಾವಣಿಯಿಂದ ಇಳಿಯುವ ಮಂಚ. ಅದರ ಏಣಿಯನ್ನು ಅತ್ತೆ ಹತ್ತುವಂತಿಲ್ಲ.

ಪ್ರತಿ ಕ್ಯಾಬಿನ್ನಿನಲ್ಲೂ ಒಬ್ಬ ವಯಸ್ಕರ ಹೆಸರಿರಬೇಕು ಎಂಬ ನಿಯಮವಿದೆ. ಕಾಗದದ ಮೇಲೆ ಹೆಸರುಗಳನ್ನು ಹಾಗೆ ಹಂಚಿ, ಹಡಗಿನಲ್ಲಿ ಮಲಗುವಾಗ ನಿಮಗೆ ಬೇಕಾದಂತೆ ಮಾಡಿಕೊಳ್ಳುವ ಕುಟುಂಬಗಳೇ ಹೆಚ್ಚು. ಆರು ತಿಂಗಳೊಳಗಿನ ಕೂಸನ್ನು ಸಾಮಾನ್ಯವಾಗಿ ಹತ್ತಿಸುವುದಿಲ್ಲ. ಗರ್ಭಿಣಿಯರಿಗೆ ಯಾನ ಮುಗಿಯುವುದರೊಳಗೆ 24ನೇ ವಾರ ಆರಂಭವಾಗುವಂತಿದ್ದರೆ ಅವಕಾಶವಿಲ್ಲ. ಬುಕ್ ಮಾಡುವ ದಿನದ ವಾರವನ್ನು ಎಣಿಸಿ ಮೋಸಹೋಗಬೇಡಿ.

ಮಗ ಸಿಯಾಟಲ್‌ನಲ್ಲಿದ್ದಾನೆ. ಅಮೆರಿಕದ ವೀಸಾ ಇದೆ. ಅಲಾಸ್ಕಾಕ್ಕೆ ಬುಕ್ ಮಾಡಬಹುದಲ್ಲ?

ಇಲ್ಲಿ ಎಷ್ಟೋ ತಂದೆತಾಯಂದಿರು ಎಡವುತ್ತಾರೆ. ಅಲಾಸ್ಕಾ ಅಮೆರಿಕದ ರಾಜ್ಯ, ಸಿಯಾಟಲ್ ಅಮೆರಿಕದ ಊರು, ಹಾಗಾಗಿ ಬೇರೆ ವೀಸಾ ಏಕೆ ಎಂದುಕೊಳ್ಳುತ್ತಾರೆ. 1886ರ ಒಂದು ಹಳೆಯ ಅಮೆರಿಕನ್ ಕಾನೂನು ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸದಂತೆ ತಡೆಯುತ್ತದೆ. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾದಂತಹ ದೇಶಗಳ ಧ್ವಜದವು. ಆದ್ದರಿಂದ ಸಿಯಾಟಲ್‌ನಿಂದ ಹೊರಟ ಹಡಗು ಕೆನಡಾದ ವಿಕ್ಟೋರಿಯಾದಲ್ಲೋ ಬೇರೆ ಬಂದರಿನಲ್ಲೋ ಕೆಲವು ಗಂಟೆ ನಿಂತು ಬರುತ್ತದೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ಕೆನಡಾದ ವ್ಯಾಂಕೂವರ್‌ನಿಂದ ಹೊರಡುವುದಾದರೂ ಎರಡೂ ವೀಸಾ ಬೇಕು. ಅಮ್ಮ ಅಪ್ಪ ಊರಲ್ಲಿರುವಾಗಲೇ ಅರ್ಜಿ ಹಾಕಿಸಿ, ಆಮೇಲೆ ಬಾಲ್ಕನಿ ಹುಡುಕಿ. ಮಗನದೇ ಅಮೆರಿಕದ ವೀಸಾ ಮುದ್ರೆ ಅವಧಿ ಮುಗಿದಿದ್ದರೆ, ಅವನೂ ಬುಕ್ ಮಾಡುವ ಮೊದಲು ವಕೀಲರನ್ನು ವಿಚಾರಿಸಲಿ.

ಬೇರೆ ಕಡೆಗಳಿಗೆ ವೀಸಾ?

ಒಂದೇ ಸೂತ್ರ: ಹಡಗು ಹೊರಟ ದೇಶಕ್ಕೆ ಮರಳಿ ಬರುವುದೂ ಇನ್ನೊಂದು ಪ್ರವೇಶವೇ. ಗ್ರೀಸ್‌ನಿಂದ ಹೊರಟು ಟರ್ಕಿ ಮುಟ್ಟಿ ಹಿಂತಿರುಗುವವರಿಗೆ ಒಂದೇ ಪ್ರವೇಶದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ) ವೀಸಾ ಸಾಲದು. ಸಿಂಗಾಪುರದ್ದೂ ಬಹುಪ್ರವೇಶದ್ದೇ ಎಂದು ಖಚಿತಪಡಿಸಿಕೊಳ್ಳಿ. ಪಾಸ್‌ಪೋರ್ಟಿನ ಅವಧಿ ಯಾನ ಮುಗಿದ ಮೇಲೆ ಆರು ತಿಂಗಳು ಇರಲಿ.

ಪಾಸ್‌ಪೋರ್ಟಿನಲ್ಲಿ ನನಗೆ ಉಪನಾಮವೇ ಇಲ್ಲ. ಫಾರಂ ಮುಂದಕ್ಕೆ ಹೋಗುತ್ತಿಲ್ಲ!

ನಮ್ಮ ಕಡೆಯವರ ನಿತ್ಯದ ಗೋಳು. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಇರುವವರಿಗೆ ಫಾರಂ ಅರ್ಥವಾಗುವುದಿಲ್ಲ. ಸುಮ್ಮನೆ ತೋಚಿದ್ದನ್ನು ತುಂಬಬೇಡಿ. ಕಂಪನಿಗೆ ಬರೆದು ಕೇಳಿ, ಅವರು ಹೇಳಿದ ರೀತಿಯನ್ನು ಉತ್ತರದ ಸಮೇತ ಇಟ್ಟುಕೊಳ್ಳಿ. ವಿಮಾನದ ಟಿಕೆಟ್ಟಿನಲ್ಲೂ ಪಾಸ್‌ಪೋರ್ಟಿಗೆ ಹೊಂದುವಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು, ಮದುವೆಯ ನಂತರ ಬದಲಿಸಿಕೊಂಡು ಪಾಸ್‌ಪೋರ್ಟಿನಲ್ಲಿ ಸೇರಿಸದ ಹೆಸರು ಬೇಡ.

ಏಜೆಂಟರ ಮೂಲಕವೋ, ನೇರವಾಗಿಯೋ?

ಮೊದಲ ಸಲ, ವೀಸಾ ಇರುವ ಯಾನ, ಹಿರಿಯರು ಜೊತೆಗಿದ್ದಾರೆ ಎಂದಾದರೆ ಕ್ರೂಸ್ ಮಾರುವ ಅನುಭವವಿರುವ ಏಜೆಂಟರು ಮೇಲು. ಬಹುತೇಕ ಅವರ ಕಮಿಷನ್ನು ಹಡಗು ಕಂಪನಿಯಿಂದ ಬರುವುದರಿಂದ ನಿಮಗೆ ಬೆಲೆ ಹೆಚ್ಚಾಗುವುದಿಲ್ಲ. ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: 'ಈ ಕ್ಯಾಬಿನ್ನಿನ ಮೇಲೆ ಏನಿದೆ?' ತಡವರಿಸಿದರೆ ನಮಸ್ಕಾರ ಹೇಳಿ ಬನ್ನಿ. ವಿದೇಶಿ ಜಾಲತಾಣದಲ್ಲಿ ಡಾಲರಿನಲ್ಲಿ ಕಟ್ಟುವವರು ಕಾರ್ಡಿನ ವಿನಿಮಯ ಶುಲ್ಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅಲ್ಲಿನ ನಿವಾಸಿಗಳಿಗೆ ಮಾತ್ರ ಎಂದಿರುವ ದರಕ್ಕೆ ಇಲ್ಲಿಂದ ಬುಕ್ ಮಾಡಿದರೆ ಅದು ರದ್ದಾಗಬಹುದು.

ನಾನು ಬುಕ್ ಮಾಡಿದ ಮೇಲೆ ಬೆಲೆ ಇಳಿಯಿತು. ಹೊಟ್ಟೆ ಉರಿಯುತ್ತಿದೆ.

ಬಾಕಿ ಹಣ ಕಟ್ಟುವ ಗಡುವಿಗೆ ಮೊದಲಾದರೆ ಅದೇ ದಿನ ಫೋನ್ ಮಾಡಿ. ಹಲವು ಕಂಪನಿಗಳು ಹೊಸ ದರಕ್ಕೆ ಬದಲಿಸಿಕೊಡುತ್ತವೆ. ಆದರೆ ಹಳೆಯ ದರದೊಂದಿಗೆ ಬಂದಿದ್ದ ಉಚಿತ ಸವಲತ್ತು ಹೋಗುತ್ತದೆಯೇ, ಮುಂಗಡ ಮರಳಿಸಲಾಗದ ಬಗೆಯದೇ ಎಂದು ಕೇಳಿಕೊಳ್ಳಿ. ಗಡುವು ದಾಟಿದ್ದರೆ ಹಣ ಬರುವುದು ಅಪರೂಪ. ನಯವಾಗಿ ಕೇಳಿದರೆ ಹಡಗಿನಲ್ಲಿ ಖರ್ಚಿಗೆ ಏನಾದರೂ ಕೊಟ್ಟಾರು.

ಹೋಗಲಾಗದಿದ್ದರೆ?

ಗಡುವಿನವರೆಗೆ ನಷ್ಟ ಮುಂಗಡದಷ್ಟೇ ಅಥವಾ ಅದಕ್ಕಿಂತ ಕಡಿಮೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಕೊನೆಯ ವಾರಗಳಲ್ಲಿ ಪೂರ್ತಿ ಹೋಗುತ್ತದೆ. ವಿಮೆಯನ್ನು ಮುಂಗಡ ಕಟ್ಟಿದ ವಾರವೇ ಮಾಡಿಸಿ. ರದ್ದತಿಯ ಜೊತೆಗೆ, ನಡುಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರಲ್ಲಿರಬೇಕು.

ಅದೇ ದಿನ ಬೆಳಿಗ್ಗೆ ಬೆಂಗಳೂರಿನಿಂದ ವಿಮಾನ ಹಿಡಿದರೆ ಸಾಲದೇ?

ಬೇಡ. ಹಡಗು ನಿಮಗಾಗಿ ನಿಲ್ಲುವುದಿಲ್ಲ, ಕ್ಯಾಬಿನ್ನಿನ ಹಣವೂ ಹಿಂದೆ ಬರುವುದಿಲ್ಲ. ಹಿಂದಿನ ದಿನವೇ ತಲುಪಿ. ಮುಂಬೈಗೆ ಹೊರಟವರಿಗೆ ರೈಲೂ ಅನುಕೂಲ: ಉದ್ಯಾನ್ ಎಕ್ಸ್‌ಪ್ರೆಸ್ ಹೋಗಿ ನಿಲ್ಲುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ.

ಸಸ್ಯಾಹಾರ, ಜೈನ ಊಟ?

ಸಿಗುತ್ತದೆ, ಆದರೆ ಬುಕ್ ಮಾಡುವಾಗಲೇ ಬರೆಸಬೇಕು. ವಿದೇಶಿ ಹಡಗಾದರೆ ಮೊದಲ ರಾತ್ರಿ ಊಟದ ಮೇಲ್ವಿಚಾರಕರನ್ನು ಕಂಡು ನೆನಪಿಸಿ; ಮರುದಿನದಿಂದ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಕ್ಯಾಬಿನ್ನಿನಲ್ಲಿ ಕಾಫಿ ಮಾಡಿಕೊಳ್ಳಲು ವಿದ್ಯುತ್ ಕೆಟಲ್ ಒಯ್ಯಬಹುದೇ?

ಇಲ್ಲ. ಬೆಂಕಿಯ ಭಯದಿಂದ ಬಿಸಿಮಾಡುವ ಯಾವ ಸಾಧನವನ್ನೂ, ಇಸ್ತ್ರಿ ಪೆಟ್ಟಿಗೆಯನ್ನೂ ಸಹ, ಹತ್ತುವಾಗಲೇ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಇಳಿಯುವ ದಿನ ಆ ಮೇಜಿನ ಮುಂದೆ ಕೆಟಲ್‌ಗಾಗಿ ಸರದಿಯಲ್ಲಿ ನಿಂತವರಲ್ಲಿ ನಾನು ಕಂಡ ಅರ್ಧ ಜನ ನಮ್ಮವರೇ.